ಆಯುಧಪೂಜೆಯ ನೀರು

ಪೆಟ್ರೋಲ್ ಬಂಕ್‌ನಲ್ಲಿ ನಿಂತು ನಿಂತು ಕಾಲು ಸೋತದ್ದು ಒಂದು ಕಡೆಗಿರಲಿ, ಉತ್ತರ ಹೇಳಿ ಹೇಳಿ ನನ್ನ ಬಾಯಿ ಸೋತುಹೋಗಿದೆ. ಕಬ್ಬಿನಿಂದ ತೆಗೆದ ಎಥನಾಲನ್ನು ಪೆಟ್ರೋಲಿಗೆ ಬೆರೆಸಿ ಕೊಡಲು ಶುರುವಾದ ಮೇಲಂತೂ ದಿನ ಬೆಳಗಾದರೆ ಅದೇ ಪ್ರಶ್ನೆ. ಮೈಲೇಜ್ ಬಿದ್ದುಹೋಯಿತು ಎಂದು ಒಬ್ಬರು. ಬೆಳಿಗ್ಗೆ ಎಷ್ಟು ಒದ್ದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ ಎಂದು ಇನ್ನೊಬ್ಬರು. ಒಂದು ಲೋಟಕ್ಕೆ ಹಾಕಿಕೊಡಿ, ಶುಂಠಿ, ನಿಂಬೆಹಣ್ಣು ನಾನೇ ತಂದಿದ್ದೀನಿ ಎಂದು ಮತ್ತೊಬ್ಬರ ತಮಾಷೆ. ಮೊದಮೊದಲು ನಾನೂ ನಗುತ್ತಿದ್ದೆ. ಈಗ ಅವರು ಬಾಯಿ ತೆರೆಯುವ ಮೊದಲೇ ನನಗೆ ಸುಸ್ತಾಗುತ್ತದೆ.

ನಮ್ಮ ಬಂಕ್ ಇರುವುದು ಹುಣಸೂರು ರಸ್ತೆಯಲ್ಲಿ, ಹಿನಕಲ್ ಹತ್ತಿರ. ಕೆಲಸಕ್ಕೆ ಸೇರಿದಾಗ ನಾನು ಗನ್ ಹಿಡಿದು ಗಾಡಿಗಳಿಗೆ ಪೆಟ್ರೋಲ್ ಹಾಕುವವಳು. ಈಗ ಸೂಪರ್‌ವೈಸರ್ ಅನ್ನುತ್ತಾರೆ. ಹೆಸರು ಬದಲಾಯಿತೇ ಹೊರತು, ಹಬ್ಬ ಹುಣ್ಣಿಮೆಗೆ ಹುಡುಗಿಯರು ರಜೆ ಹಾಕಿದರೆ ಗನ್ ಹಿಡಿಯುವವಳು ನಾನೇ. ಹೊಸದಾಗಿ ತಲೆಗೆ ಬಂದದ್ದು ಬೆಳಗಿನ ತಪಾಸಣೆ. ನೆಲದೊಳಗಿನ ಟ್ಯಾಂಕಿಗೆ ಉದ್ದನೆಯ ಕಡ್ಡಿ ಇಳಿಸಿ ಪೆಟ್ರೋಲ್ ಎಷ್ಟಿದೆ ನೋಡಬೇಕು. ಕಡ್ಡಿಯ ತುದಿಗೆ ಒಂದು ಪೇಸ್ಟ್ ಸವರಿರುತ್ತೇವೆ. ತಳದಲ್ಲಿ ನೀರಿದ್ದರೆ ಅದರ ಬಣ್ಣ ತಿರುಗುತ್ತದೆ. ತಿರುಗದಿದ್ದರೆ ನಾನು ಸಹಿ ಹಾಕುತ್ತೇನೆ, ವ್ಯಾಪಾರ ಶುರುವಾಗುತ್ತದೆ. ಏನಾದರೂ ಹೆಚ್ಚುಕಮ್ಮಿಯಾದರೆ ಮಾಲೀಕರು ಮೊದಲು ಕೇಳುವುದು ನನ್ನನ್ನೇ.

ಗಾಡಿಗಳ ಹೊಗೆ ಕಮ್ಮಿಯಾಗಲಿ ಎಂದು ಇಡೀ ದೇಶದಲ್ಲಿ ಮಾಡಿದ ಏರ್ಪಾಟು ಇದು. ಹೊಗೆ ಕಮ್ಮಿಯಾಗಿದೆಯೇ ಎಂದು ಕೇಳಿದರೆ, ಆಗಿದೆ ಅನ್ನಬೇಕು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಆಟೋಗಳು ನೀಲಿ ಹೊಗೆ ಬಿಟ್ಟುಕೊಂಡು ಬಂದು ಸಾಲಾಗಿ ನಿಲ್ಲುತ್ತಿದ್ದವು. ಸಾಯಂಕಾಲ ಮನೆಗೆ ಹೋಗಿ ಮುಖ ಒರೆಸಿದರೆ ಟವೆಲ್ ಕಪ್ಪಾಗುತ್ತಿತ್ತು. ಈಗ ಅಷ್ಟಿಲ್ಲ. ಆದರೆ ಆಗ ಹತ್ತು ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಐವತ್ತು ನಿಲ್ಲುತ್ತವೆ. ಒಂದೊಂದೂ ಕಮ್ಮಿ ಉಗುಳುತ್ತದೆ, ಎಲ್ಲ ಸೇರಿ ಎಷ್ಟು ಉಗುಳುತ್ತವೆಯೋ ದೇವರಿಗೇ ಗೊತ್ತು. ನನ್ನ ಮೂಗನ್ನಂತೂ ಕೇಳಬೇಡಿ. ಪೆಟ್ರೋಲಿನ ವಾಸನೆಯಲ್ಲಿ ಅದು ಎಂದೋ ಸತ್ತಿದೆ. ಒಗ್ಗರಣೆ ಸೀದರೂ ಗೊತ್ತಾಗುವುದಿಲ್ಲ.

ಇದರಲ್ಲಿ ಸಂತೋಷಪಟ್ಟವನೆಂದರೆ ನನ್ನ ಅಣ್ಣ ಒಬ್ಬನೇ. ನನ್ನ ತವರು ಮಂಡಕಳ್ಳಿಯಿಂದಾಚೆ. ಅಣ್ಣ ಅಲ್ಲಿ ಕಬ್ಬು ಹಾಕುತ್ತಾನೆ. ಒಮ್ಮೆ ಬಂಕ್‌ಗೆ ಬಂದವನು ಗಾಡಿಗೆ ಪೆಟ್ರೋಲ್ ಹಾಕಿಸಿಕೊಂಡು ಅಲ್ಲೇ ನಿಂತು, "ನಾನು ನೀರು ಕಟ್ಟಿದ್ ಕಬ್ಬು ಇವತ್ತು ನಿನ್ ಬಂಕ್ನಲ್ಲಿ ಗಾಡಿ ಓಡುಸ್ತಾದೆ ಕಣವ್ವ" ಅಂದ. ಹಿಂದೆ ನಿಂತವರು ಹಾರ್ನ್ ಹೊಡೆದರೂ ಜರುಗಲಿಲ್ಲ. ಇವನ ಕಬ್ಬು ಯಾವ ಫ್ಯಾಕ್ಟರಿಗೆ ಹೋಗುತ್ತದೋ, ಅಲ್ಲಿಂದ ಯಾವ ಊರಿಗೋ. ಆದರೂ ಅವನ ಮುಖ ನೋಡಿ ನಾನು ಹೌದಣ್ಣ ಅಂದೆ.

ನಮ್ಮನೆಯವರ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಅವರು ಮೆಕ್ಯಾನಿಕ್. ಹಿನಕಲ್‌ನ ಒಳಗೆ, ಹಳೆಯ ಊರು ಇನ್ನೂ ಊರಿನ ಹಾಗೇ ಉಳಿದಿರುವ ಕಡೆ, ನಮ್ಮ ಮನೆಯ ಮುಂದೆಯೇ ಶೀಟು ಇಳಿಬಿಟ್ಟು ಗ್ಯಾರೇಜ್ ಮಾಡಿಕೊಂಡಿದ್ದಾರೆ. ಸ್ಕೂಟರ್, ಬೈಕ್ ಮಾತ್ರ. ಕಾರ್ಬೊರೇಟರ್ ಬಿಚ್ಚಿ ಬಾಯಲ್ಲಿ ಊದಿ ಸರಿಮಾಡುವ ಕಾಲದ ಮನುಷ್ಯರು. ಈಗಿನ ಗಾಡಿಗಳಿಗೆ ಲ್ಯಾಪ್‌ಟಾಪ್ ಚುಚ್ಚಿ ರೋಗ ಕಂಡುಹಿಡಿಯುತ್ತಾರಂತೆ. ಅವೆಲ್ಲ ಶೋರೂಮಿಗೆ ಹೋಗುತ್ತವೆ. ಇವರ ಹತ್ತಿರ ಬರುವುದು ಬೀದಿಯ ಹಳೆಯ ಗಾಡಿಗಳು, ಅವುಗಳ ಹಳೆಯ ಮಾಲೀಕರು. ಮನೆ ನಡೆಯುವುದು ನನ್ನ ಸಂಬಳದಲ್ಲಿ. ಇದು ನಮಗಿಬ್ಬರಿಗೂ ಗೊತ್ತಿದೆ. ಆ ಮಾತನ್ನು ಎಂದೂ ಆಡದಿರುವಷ್ಟು ಮರ್ಯಾದೆ ನಮ್ಮಿಬ್ಬರ ನಡುವೆ ಇತ್ತು.

ಅವರಿಗೆ ಉಳಿದಿದ್ದದ್ದು ಹೆಸರು. ಬೀದಿಯಲ್ಲಿ ಯಾರ ಗಾಡಿ ನಿಂತರೂ, ಶೋರೂಮಿನವರು ಏನೇ ಹೇಳಿರಲಿ, ಕೊನೆಗೆ ಇವರನ್ನು ಒಂದು ಮಾತು ಕೇಳದೆ ಯಾರೂ ಕೈ ಹಾಕುತ್ತಿರಲಿಲ್ಲ. ಇವರು ಕಿವಿಗೊಟ್ಟು ಇಂಜಿನ್ ಕೇಳಿಸಿಕೊಂಡು ಏನಾದರೂ ಹೇಳಿದರೆ ಅದೇ ಕೊನೆ. ಹೊಸ ಪೆಟ್ರೋಲ್ ಬಂದ ಮೇಲೆ ಅವರು ಹೇಳುತ್ತಿದ್ದದ್ದು ಒಂದೇ: ಬಂಕ್‌ನವರು ಕೊಡುವ ಮಾಲು ಸರಿಯಿಲ್ಲ. ಪೈಪ್ ಬಿರುಕು ಬಿಟ್ಟರೂ ಅದೇ, ವಾಷರ್ ಊದಿಕೊಂಡರೂ ಅದೇ. ಸ್ವಲ್ಪ ನಿಜವೂ ಇತ್ತು; ಹಳೆಯ ಗಾಡಿಗಳ ರಬ್ಬರಿಗೆ ಈ ಪೆಟ್ರೋಲ್ ಒಗ್ಗುವುದಿಲ್ಲ. ಹೆಂಡತಿ ಕಾಯಿಲೆ ಹಂಚುತ್ತಾಳೆ, ಗಂಡ ಔಷಧಿ ಕೊಡುತ್ತಾನೆ, ಒಳ್ಳೆ ಸಂಸಾರ ಎಂದು ಬೀದಿಯವರು ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಆಯುಧಪೂಜೆಯ ದಿನ ಅವರ ದೊಡ್ಡಸ್ತಿಕೆಯ ದಿನ. ನಾನು ಮದುವೆಯಾಗಿ ಬರುವುದಕ್ಕೂ ಮೊದಲಿನಿಂದ ನಡೆದುಬಂದ ಪದ್ಧತಿ. ಅವತ್ತು ಬೆಳಿಗ್ಗೆ ಕಾಯಂ ಗಿರಾಕಿಗಳ ಗಾಡಿಗಳನ್ನೆಲ್ಲ ಇವರೇ ತೊಳೆದುಕೊಡುತ್ತಾರೆ. ಕಾಸು ಮುಟ್ಟುವುದಿಲ್ಲ. ಬೆಳಕು ಹರಿಯುವಷ್ಟರಲ್ಲಿ ಗಾಡಿಗಳು ಮನೆ ಮುಂದೆ ಸಾಲು ನಿಲ್ಲುತ್ತವೆ. ಇವರು ಪಂಚೆ ಎತ್ತಿ ಕಟ್ಟಿಕೊಂಡು ಒಂದೊಂದನ್ನೂ ಮಗುವಿಗೆ ಎರೆದ ಹಾಗೆ ತೊಳೆಯುತ್ತಾರೆ. ಆಮೇಲೆ ಸ್ಪ್ಯಾನರ್‌ಗಳಿಗೂ ಗಾಡಿಗಳಿಗೂ ಒಟ್ಟಿಗೇ ಪೂಜೆ. ಕುಂಕುಮ ತುಂಬಿದ ಬೂದುಗುಂಬಳಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹಾಯಿಸುತ್ತಾರೆ. ನಾನು ಎಲ್ಲರ ಕೈಗೂ ಕಡ್ಲೆಪುರಿ, ಬಾಳೆಹಣ್ಣು ಕೊಟ್ಟು ಡ್ಯೂಟಿಗೆ ಓಡುತ್ತೇನೆ. ಬೀದಿಯ ದೊಡ್ಡ ಮನುಷ್ಯರೂ ಅವತ್ತು ಇವರ ಮುಂದೆ ಕೈಕಟ್ಟಿ ನಿಂತು ಕಾಯುವುದನ್ನು ನೋಡಿದರೆ, ಎಷ್ಟೇ ದಣಿದಿದ್ದರೂ ನನಗೆ ಹೆಮ್ಮೆಯಾಗುತ್ತಿತ್ತು.

ಆ ವರ್ಷ ದಸರಾಕ್ಕೆ ಮುಂಚೆ ಪೆಟ್ರೋಲ್ ಕಂಪನಿಯವರು ನಮ್ಮ ಬಂಕ್‌ನ ಕಂಬಕ್ಕೆ ಒಂದು ಸೂಚನೆ ಅಂಟಿಸಿಹೋದರು. ಎಥನಾಲ್ ಬೆರೆತ ಪೆಟ್ರೋಲ್ ಇರುವುದರಿಂದ ಗಾಡಿ ತೊಳೆಯುವಾಗ ಟ್ಯಾಂಕಿನೊಳಗೆ ನೀರು ಹೋಗದಂತೆ ನೋಡಿಕೊಳ್ಳಿ ಎಂದು. ಓದುವವರು ಯಾರು? ನಾನು ಮನೆಗೆ ಬಂದು ಇವರಿಗೆ ಹೇಳಿದೆ. ಮುಚ್ಚಳದ ಹತ್ತಿರ ಬಟ್ಟೆ ಕಟ್ಟಿಕೊಂಡು ತೊಳೆಯಿರಿ, ಈ ಸಲ ನೀವು ತಂದಿರುವ ಪಂಪಿನಲ್ಲಿ ನೀರು ಬಹಳ ಜೋರಾಗಿ ಹಾರುತ್ತದೆ ಅಂದೆ. ಹಳೆಯ ಪೈಪು, ಚೊಂಬು ಬಿಟ್ಟು ಆ ಸಲ ಒತ್ತಡದಲ್ಲಿ ನೀರು ಚಿಮ್ಮಿಸುವ ಹೊಸ ಪಂಪು ತಂದಿದ್ದರು. ಹೊಸ ಆಟದ ಸಾಮಾನು ಸಿಕ್ಕವರ ಹಾಗೆ ಅದನ್ನು ದಿನಾ ಒರೆಸಿ ಇಡುತ್ತಿದ್ದರು. "ಮೀಸೆ ಬರೋಕ್ ಮುಂಚಿಂದ ಗಾಡಿ ತೊಳೀತಿದೀನಿ ಕಣೆ, ನಿನ್ ಕಂಪ್ನಿಯೋರು ನಂಗ್ ಹೇಳ್ಕೊಡ್ತಾರಾ?" ಅಂದರು. ನಾನು ಬಿಟ್ಟುಬಿಟ್ಟೆ. ಮನೆಗೆ ಬಂದ ಮೇಲೂ ಅದೇ ಚರ್ಚೆ ಮಾಡುವ ಶಕ್ತಿ ನನಗಿರಲಿಲ್ಲ.

ಹಬ್ಬ ಚೆನ್ನಾಗಿಯೇ ಆಯಿತು. ಬೀದಿಯವರು ನಮ್ಮ ಬಂಕ್‌ನಲ್ಲಿ ಟ್ಯಾಂಕ್ ತುಂಬಿಸಿಕೊಂಡು, ಇವರ ಕೈಯಲ್ಲಿ ತೊಳೆಸಿಕೊಂಡು, ಹೂವಿನ ಹಾರ ಹಾಕಿಕೊಂಡು ಸುತ್ತಾಡಿದರು. ವಿಜಯದಶಮಿಯ ದಿನ ಸಾಯಂಕಾಲ ಒಂದು ಸ್ಕೂಟರ್ ನಿಂತಿತು. ಆಮೇಲೆ ಇನ್ನೊಂದು ಬೈಕ್. ಮರುದಿನ ಬೆಳಿಗ್ಗೆ ಇವರ ಗ್ಯಾರೇಜ್ ಮುಂದೆ, ಹಾರ ಇನ್ನೂ ಬಾಡದ ಗಾಡಿಗಳು ಮತ್ತೆ ಸಾಲು ನಿಂತವು. ಇವರು ಒಂದರ ಟ್ಯಾಂಕಿನಿಂದ ಪೆಟ್ರೋಲ್ ಇಳಿಸಿ ನೀರಿನ ಬಾಟಲಿಗೆ ಹಿಡಿದರು. ಬಾಟಲಿಯ ತಳದಲ್ಲಿ ನಾಲ್ಕು ಬೆರಳಿನಷ್ಟು ಎತ್ತರಕ್ಕೆ ಬೇರೆಯೇ ದ್ರವ ನಿಂತಿತ್ತು, ಮೇಲೆ ಪೆಟ್ರೋಲ್. ತೊಳೆಯುವಾಗ ಒಂದೆರಡು ಚಮಚ ನೀರು ಸೋರಿರಬಹುದು, ಇಷ್ಟೊಂದು ಹೋಗುವುದುಂಟೇ, ಇದು ಬಂಕ್‌ನದೇ ಕೆಲಸ ಎಂದು ಇವರು ತೀರ್ಪು ಕೊಟ್ಟರು. ಮೋಸದಿಂದ ಹೇಳಿದ್ದಲ್ಲ. ಅವರ ಅನುಭವ ಹೇಳಿದ್ದನ್ನು ಹೇಳಿದರು.

ನಾನು ಆಗ ಬಂಕ್‌ನಲ್ಲಿದ್ದೆ. ಬೆಳಿಗ್ಗೆ ಕಡ್ಡಿ ಇಳಿಸಿ ನೋಡಿದ್ದೆ, ಪೇಸ್ಟಿನ ಬಣ್ಣ ತಿರುಗಿರಲಿಲ್ಲ. ಹನ್ನೊಂದರ ಹೊತ್ತಿಗೆ ಬೀದಿಯವರೆಲ್ಲ ಗುಂಪಾಗಿ ಬಂದರು. ಮುಂದೆ ಬಾಟಲಿ ಹಿಡಿದುಕೊಂಡು ನಮ್ಮನೆಯವರು. ನನ್ನನ್ನು ನೋಡಿ ಕಣ್ಣಲ್ಲೇ, ಇದು ನಿನ್ನ ಮೇಲಲ್ಲ, ಮಾಲೀಕರ ಮೇಲೆ ಎನ್ನುವ ಹಾಗೆ ಸನ್ನೆ ಮಾಡಿದರು. ಅವರಿಗೆ ಗೊತ್ತಿರಲಿಲ್ಲ, ಅಲ್ಲಿ ಅದೆರಡೂ ಒಂದೇ ಎಂದು. ಪೆಟ್ರೋಲಿಗೆ ನೀರು ಸೇರಿಸುತ್ತಾರೆ ಎಂದು ಯಾರೋ ಫೋನಿನಲ್ಲಿ ವಿಡಿಯೋ ಹಿಡಿಯತೊಡಗಿದರು. ಪೆಟ್ರೋಲ್ ಹಾಕಿಸಿಕೊಳ್ಳಲು ಬಂದವರು ಗಾಡಿಯನ್ನು ಹಾಗೇ ತಿರುಗಿಸಿಕೊಂಡು ಹೊರಟರು.

ಮಾಲೀಕರು ಕೂಗಾಡುವವರಲ್ಲ. ವಯಸ್ಸಾದವರು, ಹಣೆಯಲ್ಲಿ ವಿಭೂತಿ, ಮೆತ್ತನೆಯ ಮಾತು. ನನ್ನನ್ನು ಆಫೀಸಿನೊಳಗೆ ಕರೆದು, ಕಂಪನಿಯ ಅಧಿಕಾರಿ ಮಧ್ಯಾಹ್ನ ಬರುತ್ತಾರೆ ಅಂದರು. ನೆಲದ ಟ್ಯಾಂಕಿನಲ್ಲಿ ನೀರು ಸಿಕ್ಕಿದರೆ ತಪ್ಪು ನಮ್ಮದೇ, ಸಿಗದಿದ್ದರೂ ಇಷ್ಟು ಜನಕ್ಕೆ ಉತ್ತರ ಕೊಡಬೇಕಲ್ಲ, ಬೆಳಿಗ್ಗೆ ಸಹಿ ಹಾಕಿದವರು ಯಾರು ಎಂದು ಕೇಳುತ್ತಾರಲ್ಲ ಎಂದರು. ನೀರು ಎಲ್ಲಿಂದ ಬಂತು ಅಂತ ಗೊತ್ತಾಗದೆ ಹೋದರೆ ನಿಮ್ಮನ್ನು ಇಟ್ಟುಕೊಳ್ಳುವುದು ಕಷ್ಟವಾಗುತ್ತದಮ್ಮ ಎಂದು ನೆಲ ನೋಡಿಕೊಂಡು ಹೇಳಿದರು. ನಾನು ಹೂಂ ಅಂದೆ. ಈ ವಯಸ್ಸಿನಲ್ಲಿ ನನಗೆ ಇನ್ನೆಲ್ಲಿ ಕೆಲಸ ಸಿಗುತ್ತದೆ ಎನ್ನುವುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಅಧಿಕಾರಿ ಬಂದರು. ನೆಲದ ಟ್ಯಾಂಕಿಗೆ ಕಡ್ಡಿ ಇಳಿಸಿದರು, ನೀರಿಲ್ಲ. ಗನ್ನಿನಿಂದ ಬಂದ ಪೆಟ್ರೋಲ್ ಪರೀಕ್ಷಿಸಿದರು, ಸರಿಯಾಗಿದೆ. ಜನ ನಂಬಲಿಲ್ಲ. ಆಗ ಅವರು ಎಲ್ಲರ ಎದುರಿಗೆ ಒಂದು ಗಾಜಿನ ಬಾಟಲಿಗೆ ನಮ್ಮ ಬಂಕ್‌ನ ಗನ್ನಿನಿಂದಲೇ ಪೆಟ್ರೋಲ್ ಹಿಡಿದು, ಅದಕ್ಕೆ ಸ್ವಲ್ಪವೇ ನೀರು ಹಾಕಿ, ಚೆನ್ನಾಗಿ ಅಲ್ಲಾಡಿಸಿ ಮೇಜಿನ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ತಳದಲ್ಲಿ ಪದರ ನಿಂತಿತು. ಹಾಕಿದ ನೀರಿಗಿಂತ ಅದು ಎಷ್ಟೋ ಪಾಲು ದಪ್ಪವಾಗಿತ್ತು. ಹಳೆಯ ಪೆಟ್ರೋಲಾದರೆ ಆ ನೀರು ಸುಮ್ಮನೆ ತಳದಲ್ಲಿ ಬಿದ್ದಿರುತ್ತಿತ್ತು. ಈಗ ಪೆಟ್ರೋಲಿನೊಳಗಿನ ಎಥನಾಲೆಲ್ಲ ಆ ನೀರಿನ ಜೊತೆ ಸೇರಿ ಕೆಳಗಿಳಿಯುತ್ತದೆ, ಇಂಜಿನ್‌ಗೆ ಹೋಗುವುದು ಅದೇ, ಅದಕ್ಕೇ ನಿಲ್ಲುತ್ತದೆ ಎಂದು ಬಿಡಿಸಿ ಹೇಳಿದರು. ಒಂದೆರಡು ಚಮಚ ನೀರು ಸಾಕು ಎಂದರು.

ನಾನು ಬಾಟಲಿ ನೋಡಲಿಲ್ಲ, ನಮ್ಮನೆಯವರ ಮುಖ ನೋಡಿದೆ. ಅವರಿಗೆ ಅರ್ಥವಾಗಿತ್ತು. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಮೊದಲು ಅವರಿಗೇ ಅರ್ಥವಾಗಿತ್ತು. ಕೈಯಲ್ಲಿದ್ದ ಬಾಟಲಿಯನ್ನು ಮೆಲ್ಲಗೆ ಕಾಲಿನ ಪಕ್ಕಕ್ಕೆ ಇಳಿಸಿಕೊಂಡರು. ನನಗೂ ಆಗಲೇ ಹೊಳೆದದ್ದು. ಹಬ್ಬಕ್ಕೆ ನಮ್ಮ ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸಿಕೊಂಡವರು ಸಾವಿರ ಜನ ಇದ್ದಿರಬಹುದು; ನಿಂತಿದ್ದು ನಮ್ಮ ಬೀದಿಯ ಗಾಡಿಗಳು ಮಾತ್ರ. ಸವೆದ ಮುಚ್ಚಳ, ಊದಿದ ವಾಷರ್, ಅದರ ಮೇಲೆ ಆ ಹೊಸ ಪಂಪಿನ ನೀರು.

ಅಧಿಕಾರಿ ಕೇಳಿದರು, "ಹಬ್ಬಕ್ಕೆ ಇವನ್ನೆಲ್ಲ ಎಲ್ಲಿ ತೊಳೆಸಿದ್ರಿ?"

ಗುಂಪಿನಲ್ಲಿ ಒಬ್ಬರು ಮನೆಯಲ್ಲೇ ಅಂದರು. ಅವರನ್ನು ನೋಡಿಕೊಂಡು ಇನ್ನೊಬ್ಬರೂ ಮನೆಯಲ್ಲೇ ಅಂದರು. ನಾನು ಕಡ್ಲೆಪುರಿ ಕೊಟ್ಟ ಕೈಗಳು ಅವು. ಬಂಕ್‌ನಿಂದ ರಿಪೇರಿ ಖರ್ಚು ಗಿಟ್ಟಲಿ ಎನ್ನುವ ಆಸೆ ಸ್ವಲ್ಪ ಇತ್ತೇನೋ. ಆದರೆ ಹೆಚ್ಚಾಗಿ ಅದು ನಮ್ಮನೆಯವರ ಮೇಲಿನ ಮರ್ಯಾದೆ. ತಮ್ಮ ಮನುಷ್ಯನನ್ನು ಹೊರಗಿನವರ ಮುಂದೆ ಬಿಟ್ಟುಕೊಡಬಾರದು ಎಂದು ಇಡೀ ಬೀದಿ ಒಂದಾಗಿ ಸುಳ್ಳು ಹೇಳಿತು. ನಾನೂ ಅದೇ ಬೀದಿಯವಳು ಎನ್ನುವುದು ಅವರಿಗೆ ಹೊಳೆಯಲಿಲ್ಲ.

ಮಾಲೀಕರು ನನ್ನ ಕಡೆ ನೋಡಿದರು. ನಾನು ನಮ್ಮನೆಯವರ ಕಡೆ ನೋಡಿದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ತಮ್ಮ ಚಪ್ಪಲಿ ನೋಡುತ್ತಿದ್ದರು. ಅಧಿಕಾರಿ ತಮ್ಮ ಸಾಮಾನು ಚೀಲಕ್ಕೆ ಹಾಕಿಕೊಳ್ಳಲು ಶುರುಮಾಡಿದರು. ನನಗೆ ಕೋಪ ಬಂತು ಎಂದರೆ ಸುಳ್ಳಾಗುತ್ತದೆ. ಬಹಳ ಆಯಾಸವಾಯಿತು, ಅಲ್ಲೇ ನೆಲದ ಮೇಲೆ ಕೂತುಬಿಡೋಣ ಅನ್ನಿಸುವಷ್ಟು.

"ಸಾರ್, ಇವಷ್ಟೂ ಗಾಡಿ ತೊಳ್ದಿದ್ದು ನಮ್ಮನೆಯೋರು," ಅಂದೆ. "ಹಬ್ಬದ್ ದಿನ ಬೆಳಿಗ್ಗೆ, ನಮ್ಮನೆ ಮುಂದೆ."

ವಿಡಿಯೋ ಹಿಡಿಯುತ್ತಿದ್ದವನು ಫೋನನ್ನು ಅವರ ಕಡೆ ತಿರುಗಿಸಿದ. ಅವರು ತಲೆ ಎತ್ತಿ ಹೌದು ಅಂದರು. ಅಷ್ಟೇ ಹೇಳಿದ್ದು. ಜನ ಒಬ್ಬೊಬ್ಬರೇ ಕರಗಿದರು. ಮಾಲೀಕರು ನನಗೆ ಕಾಫಿ ತರಿಸಿಕೊಟ್ಟರು. ಕುಡಿಯಲಾಗಲಿಲ್ಲ.

ಅವತ್ತು ಸಾಯಂಕಾಲ ನಾನು ಮನೆಗೆ ಹೋದಾಗ ಅವರು ಒಂದು ಸ್ಕೂಟರಿನ ಟ್ಯಾಂಕ್ ಬಿಚ್ಚಿಕೊಂಡು ಕೂತಿದ್ದರು. ಎಲ್ಲ ಗಾಡಿಗಳನ್ನೂ ತಾವೇ ಬಿಚ್ಚಿ, ಒಣಗಿಸಿ, ವಾಷರ್ ಬದಲಾಯಿಸಿ ಸರಿಮಾಡಿಕೊಟ್ಟರು. ಅದು ಮುಗಿಯುವವರೆಗೆ ನನ್ನ ಹತ್ತಿರ ಮಾತಾಡಲಿಲ್ಲ. ಮುಗಿದ ದಿನ ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತಾ ಹೇಳಿದರು, "ನಾನು ಹೇಳ್ತಿದ್ದೆ ಕಣೆ. ಒಂದ್ ಗಳಿಗೆ ತಡೀಬಾರ್ದಾಗಿತ್ತಾ?"

ನಾನು ಕಾದಿದ್ದೆ. ಎಷ್ಟು ಹೊತ್ತು ಕಾದೆ ಎಂದು ಈಗ ಕೇಳಿದರೆ ಹೇಳಲಾರೆ. ನನಗೆ ಅದು ಬಹಳ ಹೊತ್ತು ಅನ್ನಿಸಿತ್ತು. ಅವರಿಗೆ ಬಾಯಿ ತೆರೆಯುವಷ್ಟೂ ಸಮಯ ಸಿಗಲಿಲ್ಲವೇನೋ. ಅವರು ಹೇಳುತ್ತಿದ್ದರೋ ಇಲ್ಲವೋ, ಅದನ್ನು ತಿಳಿದುಕೊಳ್ಳುವ ದಾರಿ ಈಗ ನಮಗಿಬ್ಬರಿಗೂ ಇಲ್ಲ. ಸಾರು ಬಡಿಸಲೇ ಎಂದು ಕೇಳಿದೆ. ಬೇಡ ಅಂದರು.

ಬೀದಿಯವರು ಅವರನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಅಣ್ಣ, ನೀವೇನು ಬೇಕು ಅಂತ ಮಾಡಿದ್ರಾ, ಬುಡಿ ಎಂದು ಸಮಾಧಾನ ಹೇಳಿ, ಮುಂದಿನ ಸಲ ಗಾಡಿ ನಿಂತಾಗ ರಿಂಗ್ ರೋಡಿನ ಬೇರೆ ಗ್ಯಾರೇಜಿಗೆ ತಳ್ಳಿಕೊಂಡು ಹೋದರು. ಈಗ ಅವರ ಹತ್ತಿರ ಬರುವುದು ಪಂಕ್ಚರ್, ಚೈನ್ ಬಿಗಿ ಮಾಡುವುದು, ಅಷ್ಟು. ಯಾರಾದರೂ ಹೊಸ ಪೆಟ್ರೋಲಿನ ಮಾತೆತ್ತಿದರೆ ಅವರು ಎದ್ದು ಒಳಗೆ ಹೋಗುತ್ತಾರೆ. ಹೊಸ ಪಂಪನ್ನು ಯಾರಿಗೋ ಕೊಟ್ಟುಬಿಟ್ಟರು. ಅದರ ಮುಂದಿನ ಆಯುಧಪೂಜೆಗೆ ಮನೆ ಮುಂದೆ ಒಂದು ಗಾಡಿಯೂ ನಿಲ್ಲಲಿಲ್ಲ. ಅವರು ಸ್ಪ್ಯಾನರ್‌ಗಳಿಗೆ ಕುಂಕುಮ ಇಟ್ಟು, ತಮ್ಮ ಸ್ಕೂಟರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಳಗಿಟ್ಟರು. ನಾನು ಅಭ್ಯಾಸಬಲದಿಂದ ತಂದಿದ್ದ ಕಡ್ಲೆಪುರಿ ಮೆತ್ತಗಾಯಿತು.

ನನ್ನ ಕೆಲಸ ಉಳಿಯಿತು. ಸುಳ್ಳು ಹೇಳಿ ಉಳಿಸಿಕೊಂಡದ್ದಲ್ಲ, ಅದಕ್ಕೇ ಯಾರ ಹತ್ತಿರವೂ ದೂರುವ ಹಾಗಿಲ್ಲ. ಗಿರಾಕಿಗಳ ಪ್ರಶ್ನೆಗಳೂ ಹಾಗೇ ಇವೆ. ಹೊಗೆ ನಿಜವಾಗಿ ಕಮ್ಮಿಯಾಗಿದೆಯಾ ಅಕ್ಕ ಎಂದು ಕೇಳುತ್ತಾರೆ. ಆಗಿದೆ ಸಾರ್ ಅನ್ನುತ್ತೇನೆ.

ಮೊನ್ನೆ ಮಧ್ಯಾಹ್ನ, ಬಿಸಿಲು ರಸ್ತೆಯ ಮೇಲೆ ಕುಣಿಯುವ ಹೊತ್ತು. ಹುಡುಗಿಯರು ಊಟಕ್ಕೆ ಹೋಗಿದ್ದರು, ನಾನು ಗನ್ ಹಿಡಿದಿದ್ದೆ. ನೋಡಿದರೆ ನಮ್ಮನೆಯವರು ಸ್ಕೂಟರ್ ತಳ್ಳಿಕೊಂಡು ಬರುತ್ತಿದ್ದಾರೆ. ದಾರಿಯಲ್ಲಿ ಪೆಟ್ರೋಲ್ ಮುಗಿದಿರಬೇಕು. ಬೆನ್ನು ಬಾಗಿತ್ತು, ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಆ ಘಟನೆಯಾದ ಮೇಲೆ ಅವರು ಎಲ್ಲಿ ಪೆಟ್ರೋಲ್ ಹಾಕಿಸುತ್ತಾರೆ ಎಂದು ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಇಷ್ಟು ಬಿಸಿಲಲ್ಲಿ ಬೇರೆ ದಾರಿಯಿಲ್ಲ, ಒಳಗೆ ಬರುತ್ತಾರೆ ಅಂದುಕೊಂಡೆ. ಸಾಲಿನಲ್ಲಿದ್ದ ಬೈಕಿನವನಿಗೆ ಒಂದು ನಿಮಿಷ ತಡಿಯಪ್ಪ ಅಂದೆ. ನನಗೆ ಎಷ್ಟು ಸಂತೋಷವಾಯಿತೆಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಬಂಕ್‌ನ ದಾರಿ ತೆರೆದುಕೊಳ್ಳುವ ಕಡೆ ಅವರು ನಿಂತರು. ಹೆಗಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಹ್ಯಾಂಡಲ್ ಹಿಡಿದಿದ್ದ ಕೈ ಬದಲಾಯಿಸಿಕೊಂಡರು. ಆಮೇಲೆ ಮತ್ತೆ ತಳ್ಳುತ್ತಾ ನೇರವಾಗಿ ಮುಂದಕ್ಕೆ ಹೊರಟರು, ಮುಂದಿನ ಬಂಕ್ ಇರುವ ಕಡೆಗೆ. ಅದು ಎಷ್ಟು ದೂರ ಎಂದು ನನಗೆ ಗೊತ್ತು. ನಡುವೆ ಏರು ಬೇರೆ ಇದೆ.

ಬೈಕಿನವನು ಲೇಟಾಯಿತು ಅಂದ. ಮೀಟರ್ ತೋರಿಸಿ, ಜೀರೋ ನೋಡ್ಕೊಳಿ ಸಾರ್ ಅಂದೆ. ಗನ್ ಎತ್ತಿ ಅವನ ಟ್ಯಾಂಕಿಗೆ ಇಟ್ಟೆ.